ಬೀದಿಯ ಅತಿ ಹಳೆಯ ಅಂಗಡಿ

ಬೀದಿಯಲ್ಲಿ ಎಲ್ಲಕ್ಕಿಂತ ಹಳೆಯ ಅಂಗಡಿಗೆ ಪುರಸಭೆ ಹಿತ್ತಾಳೆ ಫಲಕ ಹಾಕಿಸುತ್ತದೆ, ಆದರೆ ದಾಖಲೆ ಕಚೇರಿಯ ಆಧಾರ ಬೇಕು ಎಂಬ ಸುದ್ದಿ ಬಂದಾಗ ಸಲೂನಿನ ಯಜಮಾನನ ಕಿವಿ ನೆಟ್ಟಗಾಯಿತು. ಫಲಕವೇನಾದರೂ ಎದುರಂಗಡಿ ದರ್ಜಿಯ ಪಾಲಾದರೆ, ದಿನವಿಡೀ ತನ್ನ ಕನ್ನಡಿಯಲ್ಲಿ ಅದನ್ನೇ ನೋಡುತ್ತಾ ಕ್ಷೌರ ಮಾಡಬೇಕಲ್ಲ!

ಮನೆಯಲ್ಲಿ ಹಳೆಯ ಕಾಗದದ ಚೂರೂ ಇರಲಿಲ್ಲ. ಅಂಗಡಿ ತೆರೆದದ್ದು ತಾತನ ತಾತ ಎಂದು ತಾನೇ ಒಂದು ಹಾಳೆಯಲ್ಲಿ ಬರೆದು, ಸೋಮವಾರ ದಾಖಲೆ ಕಚೇರಿಗೆ ಕೊಟ್ಟು ಬಂದ. ಅಲ್ಲಿನ ಗುಮಾಸ್ತೆ ಅಮ್ಮ ಮೊಹರು ಒತ್ತಿ ಕಡತಕ್ಕೆ ಸೇರಿಸಿದರು. ಮಂಗಳವಾರ ಹೋಗಿ ಅದರದೇ ನಕಲು ಕೇಳಿದ.

“ನಿನ್ನೆ ನೀವೇ ಕೊಟ್ಟಿದ್ದಲ್ವೇನಪ್ಪಾ ಇದು?”

“ನಿನ್ನೆ ಹೇಳಿದ್ದು ನಾನು ತಾಯಿ, ಇವತ್ತು ಹೇಳ್ತಿರೋದು ಕಚೇರಿ. ಮೊಹರು ನೋಡಿ!”

ಅಮ್ಮ ನಕಲಿನ ಕೆಳಗೆ ನಿಧಾನವಾಗಿ ಬರೆದರು: ‘ಆಧಾರ: ಅರ್ಜಿದಾರರ ಸ್ವಂತ ಮಾತು.’

ಅವನ ಮುಖ ಇಂಗು ತಿಂದ ಮಂಗನಂತಾಯಿತು. “ಆ ಸಾಲೊಂದು ಬಿಟ್ಬಿಡಿ ತಾಯಿ.”

“ದರ್ಜಿಯವ್ರೂ ಬೆಳಿಗ್ಗೆ ಇದನ್ನೇ ಕೇಳಿದ್ರು. ನಿಮ್ಮ ಮಾತಿಗೆ ಬೇರೆಯವರ ಆಧಾರ ತನ್ನಿ.”

ಸಂಜೆ ದರ್ಜಿ ಕ್ಷೌರಕ್ಕೆ ಬಂದ. ಯಜಮಾನ ಅವನ ಗಂಟಲ ಮೇಲೆ ಕತ್ತಿ ಇಟ್ಟು, “ಅಣ್ಣಾ, ನಿಮ್ಮಂಗಡಿ ಹಳೇದು ಅಂತ ನಾನು ಬರೀತೀನಿ, ನನ್ನದು ಹಳೇದು ಅಂತ ನೀವು ಬರೀರಿ” ಎಂದ.

“ಒಪ್ದೆ ಮಾರಾಯ, ಮೊದಲು ಕತ್ತಿ ತೆಗಿ!”

ಒಬ್ಬರಿಗೊಬ್ಬರು ಬರೆದುಕೊಟ್ಟ ಆಧಾರಗಳೆರಡೂ ಗಟ್ಟಿಯಾಗಿದ್ದವು. ಪುರಸಭೆ ಇಬ್ಬರಿಗೂ ಫಲಕ ಹಾಕಿಸಿತು. ಯಜಮಾನನದು ಹೊರಗೆ, ಬಾಗಿಲ ಮೇಲ್ಗಡೆ ಹೊಳೆಯುತ್ತಿದೆ. ಒಳಗೆ ನಿಂತವನಿಗೆ ದಿನವಿಡೀ ಕನ್ನಡಿಯಲ್ಲಿ ಕಾಣುವುದು ಮಾತ್ರ ದರ್ಜಿಯದೇ.