ಕೆಂಪು ಕಾಣದ ಫಿಲ್ಮು

ನನಗೆ ಮೊಮ್ಮಗಳು ಹುಟ್ಟಿದಳು. ಇವತ್ತು ನಸುಕಿನಲ್ಲಿ, ಐಗಳಿಯ ನಮ್ಮ ಮನೆಯಲ್ಲೇ, ಸುಖವಾಗಿ. ನಾಲ್ಕನೇ ಇಯತ್ತೆ ಕಲಿತ ಕೈ ಇದು, ಅಕ್ಷರ ಸೊಟ್ಟ ಬಂದರೆ ಬರಲಿ, ಬರೆಯದೆ ಇರಲಾರೆ.

ಕೂಸಿನ ಎಡಗೆನ್ನೆಯ ಮೇಲೆ ಹುಣಸೆ ಬೀಜದಷ್ಟು ಕೆಂಪು ಮಚ್ಚೆ. ಇದೇ ಜಾಗದಲ್ಲಿ ನನ್ನ ಹೆಂಡತಿಗೂ ಇತ್ತು. ಆದರೆ ಮಗಳು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಅವಳಿಗೆ ಎರಡು ತುಂಬುವ ಮೊದಲೇ ತಾಯಿ ತೀರಿಹೋದಳು. ಅವಳು ಬಲ್ಲದ್ದು ಪಡಸಾಲೆಯ ಫೋಟೋ ಒಂದನ್ನೇ. ಅದರಲ್ಲಿ ಅವ್ವನ ಕೆನ್ನೆಯ ಮೇಲೆ ಇದ್ದಿಲು ಒತ್ತಿದಂಥ ಕರಿ ಕಲೆ.

ಮಧ್ಯಾಹ್ನ ಶಿರಗುಪ್ಪಿಯಿಂದ ಬಂದ ಬೀಗತಿ ಕೂಸನ್ನು ನೋಡಿದರು, ಫೋಟೋ ನೋಡಿದರು.

"ಈಗ ಕೆಂಪ ಐತ್ರಿ. ಬೆಳಕೋತ ಹಿಂಗ ಕರ್ರಗ ಆಗತೈತಿ. ಹೆಣ್ಣ ಕೂಸಿನ ಮಾರಿ ನೋಡ್ರಿ."

"ಅಪ್ಪಾ, ಖರೇ ಏನು?" ಅಂದಳು ಮಗಳು.

ನಾನು ಫೋಟೋ ಇಳಿಸಿ, ಧೋತರದ ಚುಂಗಿನಿಂದ ಧೂಳು ಒರೆಸಿ ಬೀಗತಿಯ ಕೈಗೆ ಕೊಟ್ಟೆ.

"ಹಣೀ ಮ್ಯಾಲಿನ ಕುಂಕುಮ ಯಾವ ಬಣ್ಣ ಐತ್ರಿ?"

"ಕರಿ."

"ನಾ ಇನ್ನೂ ಜೀವಂತ ಕುಂತೀನಿ. ಮುತ್ತೈದಿ ಕರಿ ಕುಂಕುಮ ಹಚ್ಚಿಕೊಂತಾಳೇನ್ರಿ?"

ಬೀಗತಿ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು.

ಆ ಫೋಟೋ ತೆಗೆಸಿದಾಗ ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಥಣಿಯ ಸ್ಟುಡಿಯೋದ ಮುದುಕ ಆಗಲೂ ಹಳೆಯ ನಮೂನೆಯ ಫಿಲ್ಮೇ ಹಾಕುತ್ತಿದ್ದ. ಫೋಟೋ ಕೈಗೆ ಬಂದಾಗ ನನ್ನವಳು, "ವಿಠ್ಠಲನ ಭಕ್ತರಂಗ ಹಣಿಗೆ ಕರೀ ಬುಕ್ಕಾ ಪುಡಿ ಹಚ್ಚೀರಲ್ಲ, ನಾ ಏನ ಪಂಢರಪುರಕ್ಕ ಹೊಂಟೀನೇನು?" ಎಂದು ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ತಂಗಿ, ಈ ಫಿಲ್ಮಿಗೆ ಕೆಂಪ ಕಾಣಂಗಿಲ್ಲ. ಅದಕ್ಕ ಕೆಂಪ ದೀಪದಾಗ ಕುಂತು ಇದನ್ನ ತೊಳೀತೀನಿ. ಕೆಂಪೆಲ್ಲ ಕರಿ, ನೀಲಿ ಎಲ್ಲ ಬಿಳಿ," ಅಂದಿದ್ದ ಅವನು. ಹೌದು, ಆ ದಿನ ಅವಳು ತೊಟ್ಟ ಆಕಾಶನೀಲಿ ಕುಪ್ಪಸ ಫೋಟೋದಲ್ಲಿ ಹಾಲಿನಷ್ಟು ಬೆಳ್ಳಗಿದೆ.

"ಕಡೀತನಕ ಆಕೀ ಮಚ್ಚಿ ಕೆಂಪಗನ ಇತ್ತವ್ವ," ಎಂದು, ಸ್ಟುಡಿಯೋದ ಕಥೆ ಮುಗಿಸಿ, ಮಗಳಿಗೆ ಹೇಳಿದೆ. "ಸಿಟ್ಟ ಬಂದರ ಇನ್ನಷ್ಟ ಕೆಂಪ."

"ಅವ್ವಗ ಸಿಟ್ಟ ಭಾಳ ಬರತಿತ್ತೇನು?"

"ನನ್ನ ಮ್ಯಾಲ ಅಷ್ಟ."

ಇಷ್ಟು ವರ್ಷ ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮಗಳು ಕಣ್ಣೊರೆಸಿಕೊಂಡು ಕೂಸನ್ನು ಎತ್ತಿಕೊಂಡಳು. ಮಚ್ಚೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

ದೀಪ ಹಚ್ಚುವ ಹೊತ್ತಿಗೆ ಬೀಗತಿ ಫೋಟೋದ ಗಾಜಿಗೆ ತಾವೇ ಕುಂಕುಮ ಹಚ್ಚಿ ಗೋಡೆಗೆ ತೂಗುಹಾಕಿದರು. ಬಾಣಂತಿಯ ಕೋಣೆಯ ಬಾಗಿಲು ತೆರೆದಿಟ್ಟು, ಅವಳೂ ಕಾಣುವಂತೆ ಎಲ್ಲರೂ ಪಡಸಾಲೆಯಲ್ಲಿ ಉಣ್ಣಲು ಕುಳಿತೆವು. ಗೋಧಿ ಹುಗ್ಗಿ, ಮೇಲೆ ತುಪ್ಪ. ಒಳಗೆ ಕೂಸು ಅತ್ತಿತು.

"ಮಾರಿ ಕೆಂಪ ಆತ ನೋಡ್ರಿ, ಅಜ್ಜೀ ಸಿಟ್ಟ," ಅಂದರು ಬೀಗತಿ ಫೋಟೋದ ಕಡೆ ನೋಡಿ, ನನ್ನ ತಾಟಿಗೆ ಇನ್ನೊಂದು ಸೌಟು ಹಾಕುತ್ತ.