ಜಲದುರ್ಗದ ಒಳಕಲ್ಲು

ಹಿಂದಿನ ಜನ್ಮ, ಮೈಮೇಲೆ ಬರುವುದು, ಕಾಣದ್ದನ್ನು ಕಂಡೆವೆನ್ನುವುದು, ಇವನ್ನೆಲ್ಲ ನಂಬುವವರನ್ನು ನೋಡಿದರೆ ನನಗೆ ಆಗ ನಗು ಬರುತ್ತಿತ್ತು. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವನು ನಾನೇ ಮೊದಲಿಗ. ಮಠದಲ್ಲಿ ಉಂಡು, ಇನ್ನೊಬ್ಬರ ಪುಸ್ತಕಗಳನ್ನು ಕೈಯಲ್ಲಿ ನಕಲು ಮಾಡಿಕೊಂಡು ಹೈದರಾಬಾದಿನಲ್ಲಿ ಪಡೆದ ಡಿಗ್ರಿ ಅದು. ಹಾಗೆ ಕಷ್ಟಪಟ್ಟು ಕಲಿತವನಿಗೆ ಕಲಿತದ್ದರ ಮೇಲೆ ತುಸು ಹೆಚ್ಚೇ ನಂಬಿಕೆ ಇರುತ್ತದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ನಾನು ಲಿಂಗಸುಗೂರಿನಲ್ಲಿ ಮಾಸ್ತರನಾಗಿದ್ದೆ. ಪಾಮನಕಲ್ಲೂರಿನಿಂದ ಅವ್ವನನ್ನು ಕರೆತಂದು ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಅಪ್ಪ ತೀರಿದ ಮೇಲೆ ಮಂದಿಯ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳು ಅವಳು. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ನಾನು ಪಾಸಾಗಿ ಊರಿಗೆ ಬಂದ ದಿನ ನನ್ನ ಮುಖವನ್ನು ಕೈಯಿಂದ ಸವರಿ ನೋಡಿದ್ದಳು. ಹೈದರಾಬಾದಿನ ದವಾಖಾನೆಯಲ್ಲಿ ಪೊರೆ ತೆಗೆಯುತ್ತಾರೆ, ನಡಿ ಎಂದು ಒಂದು ವರ್ಷದಿಂದ ಗೋಗರೆಯುತ್ತಿದ್ದೆ. ಕಣ್ಣಿಗೆ ಕತ್ತಿ ಹಚ್ಚುತ್ತಾರೆಂಬ ಹೆದರಿಕೆಯಿಂದ ಅವಳು ಒಪ್ಪಿರಲಿಲ್ಲ.

ಹೀಗಿರುವಾಗ ಶಾಲೆಯ ಹುಡುಗರ ಜೊತೆ ಜಲದುರ್ಗಕ್ಕೆ ಹೋಗಿ ಬಂದೆ. ಕೃಷ್ಣೆ ಎರಡು ಸೀಳಾಗಿ ಹರಿಯುವ ಕಡೆ ನಡುವೆ ಎದ್ದ ನಡುಗಡ್ಡೆ, ಅದರ ಮೇಲೆ ಹಳೆಯ ಕೋಟೆ. ಉಣ್ಣುವಾಗ ಅವ್ವನಿಗೆ ಅದನ್ನು ಹೇಳಿದೆ. ಅವಳು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೇಳುತ್ತ ಕೂತಳು. ಮರುದಿನ ಬೆಳಿಗ್ಗೆ ಎದ್ದವಳೇ, "ಆ ನಡುಗಡ್ಡಿಗಿ ನನ್ನ ಒಮ್ಮಿ ಕರಕೊಂಡು ಹೋಗು. ಆಮ್ಯಾಲ ನೀ ಎಲ್ಲಿಗಿ ಕರದರೂ ಬರ್ತೀನಿ" ಎಂದಳು. ಕಾಣದ ಕಣ್ಣಿಗೆ ಏನು ತೋರಿಸಲಿ ಎಂಬ ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು. ಆದರೂ ಬಂಡಿ ಗೊತ್ತು ಮಾಡಿದೆ.

ಬಂಡಿಯಲ್ಲಿ ಹೊಳೆಯ ದಂಡೆಗೆ ಹೋಗಿ ಹರಿಗೋಲು ಹತ್ತಿದೆವು. ಹರಿಗೋಲು ಹಾಕುವ ಹನುಮಪ್ಪನೇ ಕೋಟೆ ತೋರಿಸುವವನು. ದೊಡ್ಡ ದೊಡ್ಡ ಸಾಹೇಬರಿಗೆ ತೋರಿಸಿದ ಠೀವಿ ಅವನಿಗೆ ಇನ್ನೂ ಇತ್ತು. "ಇದು ದರವಾಜಾ, ಇದು ಬುರುಜು, ಇಲ್ಲಿಂದ ಗುನ್ನೇಗಾರರನ್ನ ಹೊಳಿಗಿ ನೂಕತಿದ್ರು" ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತ ಮುಂದೆ ಹೋದ. ಅವ್ವ ಒಂದು ಕೈಯಲ್ಲಿ ಕೋಲೂರಿ, ಇನ್ನೊಂದರಿಂದ ನನ್ನ ಭುಜ ಹಿಡಿದು ಬರುತ್ತಿದ್ದಳು. ಎರಡನೆಯ ಬಾಗಿಲು ದಾಟಿದ ಮೇಲೆ ಭುಜ ಬಿಟ್ಟಳು.

ಬಿಟ್ಟವಳು ಎಡಕ್ಕೆ ತಿರುಗಿ ತಾನೇ ನಡೆದಳು. ಕೋಲನ್ನೂ ಊರಲಿಲ್ಲ. "ಮುಂದ ಪಾವಟಿಗಿ ಅದಾವ. ಮೂರನೇದು ಒಡದೈತಿ, ನೋಡಿ ಇಡು" ಎಂದು ನನಗೇ ಹೇಳಿದಳು. ಮೆಟ್ಟಿಲುಗಳಿದ್ದವು. ಮೂರನೆಯದು ಒಡೆದಿತ್ತು.

ಹನುಮಪ್ಪ ರೇಗಿದ. "ಅತ್ತಾಗ ಏನಿಲ್ಲ ಬೇ ಯವ್ವಾ, ಬರೇ ಜಾಲಿ. ಕೋಟಿ ತೋರಿಸಾಂವ ನಾನೋ ನೀನೋ?"

"ನೀ ತೋರಿಸಿದ್ದೆಲ್ಲ ದೊರಿಗಳದು ತಮ್ಮಾ. ಒಲಿ ಹಚ್ಚಾಕಿ ಎಲ್ಲಿ ಕುಂದರತಿದ್ಲು, ಅದನ್ನೂ ತೋರಿಸು."

ಅವ್ವ ಬಿದ್ದ ಗೋಡೆಯೊಂದರ ಹತ್ತಿರ ನಿಂತು, "ಇಲ್ಲೊಂದು ಒಳಕಲ್ಲು ಐತಿ, ಅಂಚಿನಾಗ ಒಂದು ಚಕ್ಕಿ ಎದ್ದು ಕೈಗಿ ಚುಚ್ಚತೈತಿ" ಎಂದಳು. ಕಾಣುತ್ತಿದ್ದದ್ದು ಮಣ್ಣು, ಒಣಹುಲ್ಲು ಅಷ್ಟೇ. ಮುದುಕಿಯ ಮಾತು ಸುಳ್ಳು ಮಾಡಬೇಕೆಂದೇ ಹನುಮಪ್ಪ ಕುಡುಗೋಲಿನಿಂದ ಕೆದರತೊಡಗಿದ. ಒಂದು ಗೇಣು ಮಣ್ಣು ಸರಿದ ಮೇಲೆ ಕುಡುಗೋಲು ಕಲ್ಲಿಗೆ ತಾಗಿತು. ನೆಲದಲ್ಲಿ ಹೂತ, ಖಾರ ಅರೆಯುವ ಒಳಕಲ್ಲು. ಅಂಚಿನಲ್ಲಿ ಚಕ್ಕೆ ಎದ್ದಿತ್ತು.

ಅವ್ವ ಕೂತು, ಸೆರಗಿನಿಂದ ಅದರ ಮಣ್ಣು ಒರೆಸಿ, ಒಳಗೆ ಕೈ ಇಟ್ಟುಕೊಂಡಳು. ಹನುಮಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಮೊದಲ ಬಂದಿದ್ದೇನಬೇ ಇಲ್ಲಿಗಿ?" ಎಂದು ಮೆಲ್ಲಗೆ ಕೇಳಿದ.

"ಈ ಹೊಳಿ ದಾಟಿದ್ದ ಇವತ್ತ ಮೊದಲು."

"ಮತ್ತ ಹ್ಯಾಂಗ ಗೊತ್ತಾತು?"

"ನನಗ ಗೊತ್ತಿಲ್ಲಪ್ಪ. ಕಾಲಿಗಿ ಗೊತ್ತಿತ್ತು."

ನಾನು ನನಗೆ ತಿಳಿದ ಕಾರಣಗಳನ್ನೆಲ್ಲ ಹುಡುಕಿದ್ದೇನೆ. ನಾನೇ ಹೇಳಿದ್ದನ್ನು ಅವಳು ನೆನಪಿಟ್ಟಳೇ? ನಾನು ಆ ಮೂಲೆಗೆ ಹೋಗಿಯೇ ಇರಲಿಲ್ಲ. ಅವಳ ತವರಿನ ಹಿರಿಯರನ್ನು ಕೇಳಿದೆ. ಅವರಲ್ಲಿ ಯಾರೂ ಹೊಳೆಯ ಕಡೆಯವರಲ್ಲ. ಜನ ಬಾಳಿದ ಕಡೆ ಒಳಕಲ್ಲು ಇರುವುದೇನು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಆ ಚಕ್ಕೆ?

ಅವ್ವ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹೈದರಾಬಾದಿಗೆ ಬಂದಳು, ಪೊರೆ ತೆಗೆಸಿಕೊಂಡಳು. ದಪ್ಪ ಗಾಜಿನ ಕನ್ನಡಕ ಹಾಕಿದ ದಿನ ನನ್ನನ್ನು ದಿಟ್ಟಿಸಿ, "ಮೂಗು ನಿಮ್ಮಪ್ಪಂದ" ಎಂದು ನಕ್ಕು, ಆಮೇಲೆ ಅತ್ತಳು.

ಆರು ತಿಂಗಳ ನಂತರ ಅವಳನ್ನು ಮತ್ತೆ ಜಲದುರ್ಗಕ್ಕೆ ಕರೆದೊಯ್ದೆ. ಕೋಟೆ ತೋರಿಸುವ ನೆಪ. ನಿಜ ಹೇಳಬೇಕೆಂದರೆ ಅವಳನ್ನು ಪರೀಕ್ಷೆ ಮಾಡುವ ಆಸೆ. ಹರಿಗೋಲಿನಲ್ಲಿ ಕೂತು, "ಅಬಾಬಾ, ಎಷ್ಟು ನೀರೋ!" ಎಂದು ಮಗುವಿನಂತೆ ಬೆರಗಾದಳು. ಎರಡನೆಯ ಬಾಗಿಲು ದಾಟಿ ನಿಂತು, "ಈಗ ಎತ್ತಾಗ ಹೋಗೂದು?" ಎಂದು ನನ್ನನ್ನೇ ಕೇಳಿದಳು. ನಾನು ಎಡಕ್ಕೆ ಕರೆದೆ. ಮೂರನೆಯ ಮೆಟ್ಟಿಲಲ್ಲಿ ಎಡವಿದಳು. ಒಳಕಲ್ಲನ್ನು ಬಗ್ಗಿ ನೋಡಿ, "ಯಾರ ಮನೀದೋ ಪಾಪ" ಎಂದಳು. ಹನುಮಪ್ಪ ನನ್ನ ಮುಖ ನೋಡಿದ.

ನನಗೆ ತಡೆಯಲಾಗಲಿಲ್ಲ. "ಯವ್ವಾ, ಒಂದೀಟು ಕಣ್ಣು ಮುಚ್ಚಿ ನಡಿ ನೋಡೂನು" ಎಂದೆ.

ಆ ಗಾಜುಗಳ ಹಿಂದಿನಿಂದ ಅವಳು ನನ್ನನ್ನು ನೋಡುತ್ತ ನಿಂತಳು.

"ಯಾಕ ಮುಚ್ಚಲೋ ನನ್ನಪ್ಪಾ? ಈಗರ ನಿನ್ನ ಮಾರಿ ಕಾಣಾಕತ್ತೈತಿ."

ನಾನು ಮತ್ತೆ ಕೇಳಲಿಲ್ಲ. ಅಂದು ಅವಳು ಕಣ್ಣು ಮುಚ್ಚಿದ್ದರೆ ಆ ದಾರಿ ತಿರುಗಿ ಸಿಗುತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಕೈ ಹಿಡಿದು ಕೆಳಗೆ ಕರೆತಂದೆ. ಆ ಒಡೆದ ಮೆಟ್ಟಿಲು ಬಂದಾಗ ಈ ಸಲ ನಾನೇ ಹೇಳಿದೆ: "ನೋಡಿ ಇಡು ಯವ್ವಾ."