ಸರ್ಪಸುತ್ತಿನ ಎರಡು ತುದಿ

ಆಷಾಢದ ಒಂದು ಭಾನುವಾರ, ಬೆಳಗ್ಗೆ ಆರು ಗಂಟೆ. ಅಂಜನಾಪುರದಲ್ಲಿರುವ ನನ್ನ ಮಾವನ ಮನೆಯ ಜಗುಲಿ. ಇದ್ದವರು ನಾನು, ನನ್ನ ಹೆಂಡತಿ, ಕೆಮ್ಮಣ್ಣು ಹಚ್ಚುವ ಮುದುಕ. ಹಿಂದಿನ ದಿನ ಅವಳ ಬಲ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತ್ತು. ಸೊರಬದ ನಮ್ಮ ಮನೆಯಿಂದ ಕೂಡಲೇ ಬಸ್ಸು ಹತ್ತಿಸಿ ಕರೆತಂದಿದ್ದೆ. ಖಾಲಿ ಹೊಟ್ಟೆಯಲ್ಲಿ ಮೂರು ಬೆಳಗ್ಗೆ ಹಚ್ಚಿಸಿಕೊಳ್ಳಬೇಕು, ನಡುವೆ ಬೇರೆ ಔಷಧ ಕೂಡದು. ಅದು ಪದ್ಧತಿ.

"ಬೆಂಕಿ ಇಟ್ಟಂಗ್ ಆಗೈತೆ. ಸೊರಬದಾಗೆ ಡಾಕ್ಟ್ರಿಗೆ ತೋರ್ಸಣೇನ್ರಿ?" ಎಂದಳು.

"ಹಿಡಿದದ್ದು ಮೂರು ದಿನ ಮುಗೀಲಿ ಕಣೆ."

ಮೇಷ್ಟರಾಗಿ ಶಾಲೆಯ ಗಂಟೆಗೆ ಸರಿಯಾಗಿ ಎದ್ದು ಕೂತು ವಯಸ್ಸು ಕಳೆದವನು ನಾನು. ಆರಂಭಿಸಿದ್ದನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಸುತ್ತಿನ ತಲೆಯೂ ಬಾಲವೂ ಕೂಡಿದರೆ ಜೀವಕ್ಕೆ ಅಪಾಯವೆಂದು ಎಲ್ಲರಂತೆ ನಂಬಿದ್ದೆ. ಹಾಗಾಗಿ ದಿನಕ್ಕೆರಡು ಹೊತ್ತು ಟೇಪು ಹಿಡಿದು ಎರಡು ತುದಿಗಳ ನಡುವಿನ ಅಂತರ ಅಳೆಯುತ್ತಿದ್ದೆ.

"ಕೂಡ್ತಾ?"

"ಇಲ್ಲ, ಎರಡು ಗೇಣು ಜಾಗ ಐತೆ."

"ಹಂಗಾರೆ ನಿಮ್ಗಿನ್ನೂ ನಾನೇ ರೊಟ್ಟಿ ಬಡೀಬೇಕು ಬಿಡ್ರಿ."

ಅಂತರ ಕಿರಿದಾಗಲಿಲ್ಲ. ನಾನು ನೆಮ್ಮದಿಯಿಂದ ಮಲಗಿದೆ. ಅವಳು ಮಲಗಲಿಲ್ಲ.

ಬುಧವಾರ ಸೊರಬಕ್ಕೆ ಮರಳಿದೆವು, ಅಲ್ಲಿನ ವೈದ್ಯೆ ನೋಡಿದರು. ನಾನು ಟೇಪಿನ ಅಳತೆಗಳನ್ನು ಒಪ್ಪಿಸಿದೆ.

"ಇಂಗ್ಲಿಷಲ್ಲಿ ಇದು ಶಿಂಗಲ್ಸ್, ಸರ್. ಆ ಹೆಸರು ಬಂದಿದ್ದು ಲ್ಯಾಟಿನ್ನಿನ ಸಿಂಗುಲುಮ್ ಅನ್ನೋ ಮಾತಿಂದ. ಅಂದ್ರೆ ನಡುಪಟ್ಟಿ. ಆದ್ರೆ ಸಾಮಾನ್ಯವಾಗಿ ಅರ್ಧ ಪಟ್ಟಿನೇ. ಒಂದು ಪಕ್ಕದ ನರ ಹಿಡಿದು ಏಳುತ್ತೆ, ಬೆನ್ನುಮೂಳೆ ದಾಟೋದು ಅಪರೂಪ. ಕೂಡುತ್ತೆ ಅಂತ ನೀವು ಕಾಯ್ಬೇಕಾಗಿರ್ಲಿಲ್ಲ. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುವಾಗಿದ್ರೆ ಒಳ್ಳೇದಿತ್ತು. ಉರಿ ಉಳ್ಕೊಂಡ್ರೂ ಉಳ್ಕೋಬಹುದು."

ಆ ಮೂರು ದಿನವನ್ನು ಟೇಪು ಹಿಡಿದು ಕಳೆದವನು ನಾನೇ.

ಆಸ್ಪತ್ರೆ ಮುಂದಿನ ಕಲ್ಲುಬೆಂಚಿನ ಮೇಲೆ ಅವಳಿಗೆ ಹೇಳಿದೆ, "ತಪ್ಪು ನಂದು."

"ನಿಮ್ಮ ಹಠ ನಂಗೇನು ಹೊಸದಾ? ನಾನಾರೂ ಒಬ್ಳೇ ಬಸ್ ಹತ್ತಬೇಕಿತ್ತು," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವರ್ಷ ಕಳೆದಿದೆ. ಸೀರೆಯ ಸೆರಗು ಸೋಕಿದರೂ ಅವಳು ಇಂದಿಗೂ ಉಸಿರು ಬಿಗಿಹಿಡಿಯುತ್ತಾಳೆ. ನೆಂಟರೆದುರು ಮಾತ್ರ, "ನಮ್ಮನೆಯೋರು ಬಾಳ ಜೋಪಾನ ಮಾಡಿದ್ರು," ಎನ್ನುತ್ತಾಳೆ. ನಾನು ಎದ್ದು ಹೊರಗೆ ಹೋಗುತ್ತೇನೆ.

ಆ ಬುಧವಾರ ಮನೆಗೆ ಬಂದು ಅವಳಿಗೆ ಗಂಜಿ ಕಾಯಿಸಿ ಕುಡಿಸಿದೆ. ಮೊದಲ ಮಾತ್ರೆ ನುಂಗಿಸಿ ಲೋಟ ತೊಳೆದಿಟ್ಟೆ.